ಟೆಸ್ಟುಗಳ ಹೆಲ್ಪರ್ ಸ್ಕ್ರಿಪ್ಟುಗಳ ಜಾಗ ಬದಲಿಸುವಾಗ ಹಸಿರನ್ನು ಎಷ್ಟು ನಂಬಬಹುದು?

ಪ್ರಶ್ನೆ: ಸಫಾರಿ ಬ್ರೌಸರಿನ ಎಂಜಿನ್ ಆದ ವೆಬ್‌ಕಿಟ್‌ನಿಂದ ಹಿಂದೆ ಕವಲೊಡೆದ ಒಂದು ಬ್ರೌಸರ್ ಎಂಜಿನ್‌ನಲ್ಲಿ ನಾನು ಕೆಲಸ ಮಾಡುತ್ತೇನೆ. ನಮ್ಮ ಟೆಸ್ಟುಗಳು ಬಳಸುವ ಹೆಲ್ಪರ್ ಸ್ಕ್ರಿಪ್ಟುಗಳು, ಅಂದರೆ ಹಲವು ಟೆಸ್ಟುಗಳಿಗೆ ಬೇಕಾದ ಕೋಡಿನ ಫೈಲುಗಳು, ಹತ್ತಾರು ರಿಸೋರ್ಸಸ್ ಫೋಲ್ಡರುಗಳಲ್ಲಿ ಚದುರಿಹೋಗಿವೆ. ಒಂದೇ ಫೈಲಿಗೆ ನಾಲ್ಕೈದು ನಕಲು. ಯಾವುದನ್ನು ಬಳಸಬೇಕು ಅಂತ ಹೊಸಬರಿಗೆ ಗೊತ್ತಾಗುವುದಿಲ್ಲ. ಎಲ್ಲವನ್ನೂ ಮೇಲಿನ ಒಂದೇ ಫೋಲ್ಡರಿಗೆ ತಂದು, ಟೆಸ್ಟುಗಳಲ್ಲಿ ಪಾತ್ ಬದಲಿಸಿ, ಒಂದು ಸಲ ಪೂರ್ತಿ ಓಡಿಸಿ, ಹಸಿರು ಬಂದರೆ, ಅಂದರೆ ಎಲ್ಲ ಪಾಸಾದರೆ, ಕಮಿಟ್ ಮಾಡೋಣ ಅಂದುಕೊಂಡಿದ್ದೇನೆ. ಇಷ್ಟು ಸಾಕಲ್ವಾ? ಟೆಸ್ಟ್ ಓಡಿಸುವ ಹಳೆಯ ಪರ್ಲ್ ಸ್ಕ್ರಿಪ್ಟುಗಳನ್ನೂ ಇದೇ ಸಲ ಸರಿಮಾಡಿಬಿಡಲೇ?

ಉತ್ತರ: ಸಾಕಾಗುವುದಿಲ್ಲ. ಪಾತ್ ಬದಲಿಸಿದ ಮೇಲೆ ಕೆಂಪಾಗುವ ಟೆಸ್ಟುಗಳ ಬಗ್ಗೆ ಚಿಂತೆ ಬೇಡ. ಅವು ತಾವಾಗಿಯೇ ಕೂಗಿ ಹೇಳುತ್ತವೆ, ನೀವು ಸರಿಮಾಡುತ್ತೀರಿ. ತಲೆ ಕೆಡಿಸಿಕೊಳ್ಳಬೇಕಾದದ್ದು ಹೆಲ್ಪರ್ ಲೋಡ್ ಆಗದಿದ್ದರೂ ಹಸಿರಾಗಿಯೇ ಉಳಿಯುವ ಟೆಸ್ಟುಗಳ ಬಗ್ಗೆ. ವೆಬ್‌ಕಿಟ್ ಮೂಲದ ರೆಪೊ ಅಂದರೆ ಅಂಥವು ಖಂಡಿತ ಇರುತ್ತವೆ.

ಮೊದಲು ಕ್ರ್ಯಾಶ್ ಟೆಸ್ಟುಗಳನ್ನು ನೋಡಿ. 'ಎಂಜಿನ್ ಬೀಳದಿದ್ದರೆ ಪಾಸ್' ಅನ್ನುವುದೇ ಅವುಗಳ ಕರಾರು. ಯಾವುದೋ ಹಳೆಯ ಬಗ್ಗನ್ನು ಮತ್ತೆ ಎಬ್ಬಿಸುವ ಕೋಡು ಹೆಲ್ಪರ್ ಒಳಗಿದ್ದು, ಆ ಹೆಲ್ಪರೇ ಸಿಗದಿದ್ದರೆ ಏನಾಗುತ್ತದೆ? ಎಂಜಿನ್ ಬೀಳುವುದಿಲ್ಲ. ಟೆಸ್ಟ್ ಪಾಸ್. ಅಂದರೆ ಭದ್ರತೆಯ ದೋಷವೊಂದಕ್ಕೆ ಕಾವಲಿಟ್ಟಿದ್ದ ಟೆಸ್ಟ್ ಸದ್ದಿಲ್ಲದೆ ಸತ್ತಿರುತ್ತದೆ.

ರೆಫ್‌ಟೆಸ್ಟುಗಳದ್ದು ಇನ್ನೊಂದು ಬಗೆ. ಅಲ್ಲಿ ಟೆಸ್ಟ್ ಪುಟ ಮತ್ತು ರೆಫರೆನ್ಸ್ ಪುಟ ಒಂದೇ ಥರ ಕಾಣುತ್ತವೆಯೇ ಅಂತ ಹೋಲಿಸುತ್ತಾರೆ. ಎರಡೂ ಪುಟಗಳು ಒಂದೇ ಹೆಲ್ಪರ್ ಬಳಸಿ ಚಿತ್ರ ಬಿಡಿಸುತ್ತಿದ್ದರೆ, ಅದು ಸಿಗದಾಗ ಎರಡೂ ಖಾಲಿ. ಖಾಲಿಗೂ ಖಾಲಿಗೂ ಹೋಲಿಕೆ ಸರಿಯಾಗಿಯೇ ಬರುತ್ತದೆ.

ಮೂರನೆಯದು ಕಾವಲು ಹಾಕಿದ ಕರೆಗಳು. ಕಸ ಸಂಗ್ರಹವನ್ನು ಬಲವಂತವಾಗಿ ಓಡಿಸುವ ಜಿಸಿ.ಜೆಎಸ್ ಥರದ ಹೆಲ್ಪರುಗಳನ್ನು ಬಳಸುವಾಗ ಎಷ್ಟೋ ಟೆಸ್ಟುಗಳು 'ಈ ಫಂಕ್ಷನ್ ಇದ್ದರೆ ಕರೆ, ಇಲ್ಲದಿದ್ದರೆ ಬಿಡು' ಅಂತ ಬರೆದಿರುತ್ತವೆ. ಟೆಸ್ಟನ್ನು ಸಾಮಾನ್ಯ ಬ್ರೌಸರಿನಲ್ಲೂ ತೆರೆದು ನೋಡಬಹುದು ಅನ್ನುವ ಒಳ್ಳೆಯ ಉದ್ದೇಶ. ಆದರೆ ಫೈಲ್ ಕಳೆದುಹೋದರೂ ಅದೇ ಕಾವಲು ಮುಚ್ಚಿಹಾಕಿಬಿಡುತ್ತದೆ.

ಇವಲ್ಲದೆ ನಿಮ್ಮ ಟೆಸ್ಟ್‌ಎಕ್ಸ್‌ಪೆಕ್ಟೇಷನ್ಸ್ ಫೈಲಿನಲ್ಲಿ 'ಫೇಲ್ ಆಗುತ್ತದೆ' ಅಂತ ಮೊದಲೇ ಗುರುತು ಹಾಕಿದವು ಇವೆ. ಅವು ಬೇರೆ ಕಾರಣಕ್ಕೆ ಫೇಲ್ ಆದರೂ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಮೆಷಿನ್‌ನಲ್ಲಿ ಸ್ಕಿಪ್ ಆಗಿ, ಬೇರೆ ಪ್ಲಾಟ್‌ಫಾರ್ಮಿನಲ್ಲಿ ಮಾತ್ರ ಓಡುವವೂ ಇವೆ. ಒಂದು ಮೆಷಿನ್‌ನ ಹಸಿರು ಇವುಗಳ ಬಗ್ಗೆ ಏನನ್ನೂ ಹೇಳುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಒಂದು ಫೈಲನ್ನೂ ಅಲುಗಾಡಿಸುವ ಮುಂಚೆ ಒಂದು ಚಿಕ್ಕ ಸಾಧನ ಬರೆದುಕೊಳ್ಳಿ. ಪ್ರತಿ ಟೆಸ್ಟ್ ಫೈಲನ್ನೂ ಅದು ಓದಬೇಕು. ಆ ಟೆಸ್ಟ್ ಯಾವ ಯಾವ ಫೈಲುಗಳನ್ನು ಕರೆಯುತ್ತದೆ ಅಂತ ಹುಡುಕಬೇಕು. ಪಾತನ್ನು ಬಿಡಿಸಿ, ಡಿಸ್ಕಿನ ಮೇಲೆ ನಿಜವಾದ ಫೈಲನ್ನು ಹಿಡಿದು, ಅದರ ಹ್ಯಾಶ್, ಅಂದರೆ ಒಳಗಿನ ಬೈಟುಗಳಿಂದ ಹುಟ್ಟುವ ಬೆರಳಚ್ಚಿನಂಥ ಸಂಖ್ಯೆ, ಲೆಕ್ಕ ಹಾಕಬೇಕು. ಕೊನೆಗೆ ಟೆಸ್ಟಿನ ಹೆಸರು, ಅದರ ಮುಂದೆ ಹ್ಯಾಶುಗಳ ಪಟ್ಟಿ. ಕೆಲಸದ ಮುಂಚೆ ಒಂದು ಪಟ್ಟಿ, ಆಮೇಲೆ ಒಂದು ಪಟ್ಟಿ. ಹೆಲ್ಪರಿನ ಒಳಗನ್ನು ಮುಟ್ಟದೆ ಬರೀ ಜಾಗ ಬದಲಿಸಿದ್ದರೆ ಎರಡು ಪಟ್ಟಿಗಳೂ ಅಕ್ಷರಕ್ಕೆ ಅಕ್ಷರ ಒಂದೇ ಆಗಿರಬೇಕು. ಟೆಸ್ಟ್ ಪಾಸೋ ಫೇಲೋ, ಸ್ಕಿಪ್ಪೋ, ಯಾವ ಪ್ಲಾಟ್‌ಫಾರ್ಮೋ ಅನ್ನುವ ಗೊಡವೆಯೇ ಇಲ್ಲಿಲ್ಲ. ಏನನ್ನೂ ಓಡಿಸಬೇಕಾಗಿಯೂ ಇಲ್ಲ. ಹತ್ತಾರು ಸಾವಿರ ಟೆಸ್ಟುಗಳಿದ್ದರೂ ಬೇಗ ಮುಗಿಯುತ್ತದೆ.

ಈ ಸಾಧನವನ್ನು ಬರೀ ಗ್ರೆಪ್‌ನಿಂದ, ಅಂದರೆ ಪಠ್ಯ ಹುಡುಕಾಟದಿಂದ, ಮಾಡಲು ಹೋಗಬೇಡಿ. ಎಚ್‌ಟಿಎಂಎಲ್ ಓದಲು ನಿಜವಾದ ಪಾರ್ಸರ್ ಬಳಸಿ. ಸ್ಕ್ರಿಪ್ಟ್ ಟ್ಯಾಗ್ ಒಂದೇ ಅಲ್ಲ. ಲಿಂಕ್, ಐಫ್ರೇಮ್, ಎಸ್‌ವಿಜಿಯೊಳಗಿನ ಸ್ಕ್ರಿಪ್ಟಿನ ಎಕ್ಸ್‌ಲಿಂಕ್ ಎಚ್‌ರೆಫ್, ವರ್ಕರುಗಳ ಇಂಪೋರ್ಟ್‌ಸ್ಕ್ರಿಪ್ಟ್ಸ್, ಮಾಡ್ಯೂಲ್ ಇಂಪೋರ್ಟ್, ಫೆಚ್ ಮತ್ತು ಎಕ್ಸ್‌ಎಚ್‌ಆರ್ ಕರೆಗಳು ಎಲ್ಲ ಲೆಕ್ಕಕ್ಕೆ ಬರಬೇಕು. ವೆಬ್ ಪ್ಲಾಟ್‌ಫಾರ್ಮ್ ಟೆಸ್ಟ್ಸ್, ಅಂದರೆ ಎಲ್ಲರೂ ಡಬ್ಲ್ಯೂಪಿಟಿ ಅನ್ನುವ, ಬ್ರೌಸರ್ ಎಂಜಿನ್‌ಗಳು ಹಂಚಿಕೊಳ್ಳುವ ಟೆಸ್ಟುಗಳ ಸಂಗ್ರಹ, ನಿಮ್ಮಲ್ಲಿದ್ದರೆ ಅದರ ಜೆಎಸ್ ಫೈಲುಗಳ ತಲೆಯಲ್ಲಿ ಕಾಮೆಂಟಿನೊಳಗೆ ಬರುವ 'ಮೆಟಾ: ಸ್ಕ್ರಿಪ್ಟ್' ಸಾಲುಗಳನ್ನೂ ಓದಬೇಕು. ಕೆಲವು ಪಾತುಗಳು ಮೊದಲಿನಿಂದಲೇ ಮುರಿದಿರುತ್ತವೆ. ಫೈಲ್ ಸಿಗದಿದ್ದಾಗ ಎರರ್ ಈವೆಂಟ್ ಬರುತ್ತದೆಯೇ ಅಂತ ನೋಡುವ ಟೆಸ್ಟುಗಳು ಬೇಕಂತಲೇ ಇಲ್ಲದ ಫೈಲನ್ನು ಕರೆಯುತ್ತವೆ. ಆದ್ದರಿಂದ ಮುರಿದವು ಎಷ್ಟು ಅಂತ ಎಣಿಸಬೇಡಿ, ಹೊಸದಾಗಿ ಮುರಿದದ್ದು ಯಾವುದು ಅಂತ ನೋಡಿ.

ಪಾತ್ ಬಿಡಿಸುವಾಗ ಒಂದು ಸೂಕ್ಷ್ಮ ಇದೆ. ಇದನ್ನು ಎಷ್ಟೋ ವರ್ಷ ಕೆಲಸ ಮಾಡಿದವರೂ ತಲೆಕೆಳಗು ಮಾಡಿಕೊಳ್ಳುತ್ತಾರೆ. ಹೆಲ್ಪರ್ ಸ್ಕ್ರಿಪ್ಟಿನ ಒಳಗೆ ಒಂದು ಫೆಚ್ ಇದ್ದರೆ, ಅದರ ರಿಲೇಟಿವ್ ಪಾತ್ ಬಿಡಿಸಿಕೊಳ್ಳುವುದು ಹೆಲ್ಪರ್ ಇರುವ ಜಾಗದಿಂದ ಅಲ್ಲ, ಅದನ್ನು ಕರೆದ ಪುಟ ಇರುವ ಜಾಗದಿಂದ. ಹಾಗಾಗಿ ಹೆಲ್ಪರನ್ನು ಎಲ್ಲಿಗೆ ಒಯ್ದರೂ ಆ ಫೆಚ್‌ಗೆ ಏನೂ ಆಗುವುದಿಲ್ಲ. ವರ್ಕರಿನಲ್ಲೂ ಹಾಗೆಯೇ. ವರ್ಕರ್ ಒಂದು ಹೆಲ್ಪರನ್ನು ಇಂಪೋರ್ಟ್‌ಸ್ಕ್ರಿಪ್ಟ್ಸ್‌ನಿಂದ ತಂದು, ಆ ಹೆಲ್ಪರ್ ಇನ್ನೊಂದನ್ನು ತಂದರೆ, ಎರಡನೆಯ ಪಾತ್ ಕೂಡ ಮೂಲ ವರ್ಕರ್ ಫೈಲಿನ ಜಾಗದಿಂದಲೇ ಬಿಡಿಸಿಕೊಳ್ಳುತ್ತದೆ. ಆದರೆ ಇಎಸ್ ಮಾಡ್ಯೂಲಿನ ಇಂಪೋರ್ಟ್ ಮತ್ತು ಸಿಎಸ್‌ಎಸ್‌ನ ಯುಆರ್‌ಎಲ್ ಇದಕ್ಕೆ ಉಲ್ಟಾ. ಅವು ತಾವಿರುವ ಫೈಲಿನ ಜಾಗದಿಂದಲೇ ಲೆಕ್ಕ ಹಾಕುತ್ತವೆ, ಫೈಲ್ ಸರಿದರೆ ಅವೂ ಮುರಿಯುತ್ತವೆ. ಬ್ಲಾಬ್ ಅಥವಾ ಡೇಟಾ ಯುಆರ್‌ಎಲ್‌ನಿಂದ ಹುಟ್ಟಿದ ವರ್ಕರಿನಲ್ಲಿ ರಿಲೇಟಿವ್ ಪಾತ್ ಕೆಲಸವೇ ಮಾಡುವುದಿಲ್ಲ. ಅಲ್ಲಿ ಟೆಸ್ಟ್ ಬರೆದವರು ಪೂರ್ತಿ ಪಾತನ್ನು ಸ್ಟ್ರಿಂಗ್ ಜೋಡಿಸಿ ಕಟ್ಟಿರುತ್ತಾರೆ. ಅದು ಗ್ರೆಪ್‌ಗೂ ಸಿಗದು, ಪಾರ್ಸರಿಗೂ ಸಿಗದು.

ಹೀಗೆ ಓಡುವಾಗ ಕಟ್ಟಿಕೊಳ್ಳುವ ಪಾತುಗಳಿಗೆ ಬೇರೆ ಬಲೆ ಬೇಕು. ಎಚ್‌ಟಿಟಿಪಿ ಮೂಲಕ ಓಡುವ ಟೆಸ್ಟುಗಳಿಗೆ ಸರ್ವರಿನ ಆಕ್ಸೆಸ್ ಲಾಗ್ ಇದೆ. ಮುಂಚಿನ ಮತ್ತು ಆಮೇಲಿನ ಲಾಗುಗಳಲ್ಲಿ 404 ಬಂದ ಸಾಲುಗಳನ್ನು ಹೋಲಿಸಿ. ಡಿಸ್ಕಿನಿಂದ ನೇರವಾಗಿ ತೆರೆಯುವ ಟೆಸ್ಟುಗಳಿಗೆ ಲಾಗ್ ಇಲ್ಲ. ಅದಕ್ಕೆ ನಿಮ್ಮ ಲೋಕಲ್ ಬಿಲ್ಡಿನಲ್ಲಿ ಲೋಡರಿನ ಒಳಗೆ, ಫೈಲ್ ಸಿಗದಾಗ ಹೆಸರು ಬರೆಯುವ ಒಂದು ಸಾಲು ಹಾಕಿಕೊಳ್ಳಿ. ಆ ಪ್ಯಾಚನ್ನು ಕಮಿಟ್ ಮಾಡಬೇಕಾಗಿಲ್ಲ.

ಇನ್ನೊಂದು ಪರೀಕ್ಷೆ ನನಗೆ ತುಂಬ ಇಷ್ಟ. ಹೊಸ ಜಾಗದ ಹೆಲ್ಪರಿನ ಮೊದಲ ಸಾಲಿನಲ್ಲಿ ಬೇಕಂತಲೇ ಒಂದು ಥ್ರೋ ಹಾಕಿ, ರಾತ್ರಿ ಎಲ್ಲ ಟೆಸ್ಟುಗಳನ್ನೂ ಓಡಲು ಬಿಡಿ. ಬೆಳಿಗ್ಗೆ ಆ ಹೆಲ್ಪರ್ ಬಳಸುವ ಎಲ್ಲ ಟೆಸ್ಟುಗಳೂ ಕೆಂಪಾಗಿರಬೇಕು ತಾನೇ? ಹಸಿರಾಗಿ ಉಳಿದವೇ ಮೇಲೆ ಹೇಳಿದ ಮೂಕ ಟೆಸ್ಟುಗಳು. ಅವನ್ನು ಮಾತ್ರ ಕೈಯಿಂದ ನೋಡಿ. ಕೆಲವು ಹೆಲ್ಪರನ್ನು ಸುಮ್ನೆ ಸೇರಿಸಿಕೊಂಡಿರುತ್ತವೆ, ಬಳಸುವುದೇ ಇಲ್ಲ. ಅವುಗಳಿಂದ ಆ ಸಾಲನ್ನು ತೆಗೆಯಬಹುದು, ಆದರೆ ಈ ಕಮಿಟಿನಲ್ಲಿ ಅಲ್ಲ.

ಈಗ ನಕಲುಗಳ ವಿಷಯ. ಒಂದೇ ಹೆಸರಿನ ನಾಲ್ಕೈದು ಫೈಲು ಅಂದಿರಿ. ಮೊದಲು ಹ್ಯಾಶ್ ಹಾಕಿ ಗುಂಪು ಮಾಡಿ. ಬೈಟಿಗೆ ಬೈಟು ಒಂದೇ ಇರುವವು ಸುಲಭ. ಅಷ್ಟಿಷ್ಟು ಬೇರೆ ಇರುವವನ್ನು 'ಹೊಸದೇ ಸರಿ' ಅಂತ ಒಂದೇ ಏಟಿಗೆ ಒಂದು ಮಾಡಬೇಡಿ. ಅವು ಬೇರೆಯಾಗಿರುವುದಕ್ಕೆ ಕಾರಣ ಇರಬಹುದು. ಕ್ಯಾಶ್ ಟೆಸ್ಟಿಗೆ ಬೇರೆ ಯುಆರ್‌ಎಲ್ ಬೇಕಾಗಿ ನಕಲು ಮಾಡಿರುತ್ತಾರೆ. ಎನ್‌ಕೋಡಿಂಗ್ ಟೆಸ್ಟಿಗೆ ಶುರುವಿನಲ್ಲಿ ಬಿಒಎಂ (ಎನ್‌ಕೋಡಿಂಗ್ ಸೂಚಿಸುವ ಗುರುತು) ಇರುವ ನಕಲು ಬೇಕಿರುತ್ತದೆ. ಇಂಟೆಗ್ರಿಟಿ ಹ್ಯಾಶ್ ನೋಡುವ ಟೆಸ್ಟಿನಲ್ಲಿ ಒಂದು ಖಾಲಿ ಜಾಗ ಬದಲಾದರೂ ಸ್ಕ್ರಿಪ್ಟ್ ಓಡುವುದಿಲ್ಲ. ಯಾರು, ಯಾವ ಬಗ್ಗಿಗಾಗಿ ಆ ನಕಲು ಮಾಡಿದರು ಅಂತ ಹಿಸ್ಟರಿಯಲ್ಲಿ ನೋಡಿ.

ಮುಖ್ಯವಾದ ಹೆಲ್ಪರಿನದ್ದೇ ಉದಾಹರಣೆ ತೆಗೆದುಕೊಳ್ಳೋಣ. ವೆಬ್‌ಕಿಟ್‌ನಲ್ಲಿ ಜೆಎಸ್-ಟೆಸ್ಟ್-ಪ್ರಿ ಮತ್ತು ಜೆಎಸ್-ಟೆಸ್ಟ್-ಪೋಸ್ಟ್ ಅನ್ನುವ ಜೋಡಿ ಇತ್ತು. ಶುಡ್‌ಬಿ, ಡಿಬಗ್, ಡಿಸ್ಕ್ರಿಪ್ಷನ್ ಎಲ್ಲ ಮೊದಲನೆಯದರಲ್ಲಿ. ಕೊನೆಯಲ್ಲಿ 'ಟೆಸ್ಟ್ ಕಂಪ್ಲೀಟ್' ಅಂತ ಬರೆಯುವುದು ಎರಡನೆಯದು. ಇವು ಮೊದಲು ಇದ್ದದ್ದು ಫಾಸ್ಟ್ ಒಳಗಿನ ಜೆಎಸ್ ಒಳಗಿನ ರಿಸೋರ್ಸಸ್ ಫೋಲ್ಡರಿನಲ್ಲಿ. ಎಸ್‌ವಿಜಿಯಿಂದ ಹಿಡಿದು ಸ್ಟೋರೇಜ್ ತನಕ ಎಲ್ಲ ಟೆಸ್ಟುಗಳೂ ಅಲ್ಲಿಗೇ ಕೈಚಾಚುತ್ತಿದ್ದವು. ಆಮೇಲೆ ಅವನ್ನು ಟೆಸ್ಟುಗಳೆಲ್ಲ ಇರುವ ಲೇಔಟ್‌ಟೆಸ್ಟ್ಸ್ ಫೋಲ್ಡರಿನ ನೇರ ಕೆಳಗಿನ ರಿಸೋರ್ಸಸ್‌ಗೆ ತಂದರು. ಜೋಡಿಯ ಬದಲು ಜೆಎಸ್-ಟೆಸ್ಟ್ ಅನ್ನುವ ಒಂದೇ ಫೈಲೂ ಬಂತು. 2013ರಲ್ಲಿ ವೆಬ್‌ಕಿಟ್‌ನಿಂದ ಬೇರೆಯಾದ, ಕ್ರೋಮ್ ಬ್ರೌಸರಿನ ಎಂಜಿನ್ ಬ್ಲಿಂಕ್‌ನಲ್ಲೂ ಇದೇ ಹೆಸರಿನ ಫೈಲ್ ಇದೆ.

ಜಾಗ ಬದಲಿಸುವುದು ಮತ್ತು ಜೋಡಿಯನ್ನು ಒಂದು ಮಾಡುವುದು ಬೇರೆ ಬೇರೆ ಕೆಲಸ. ಪೋಸ್ಟ್ ಫೈಲು ಪುಟವನ್ನು ಓದುತ್ತಾ ಹೋದಂತೆ ತನ್ನ ಜಾಗ ಬಂದಾಗ ಓಡುತ್ತದೆ. ಒಂಟಿ ಫೈಲು ಪುಟ ಪೂರ್ತಿ ಲೋಡ್ ಆಗುವ ತನಕ ಕಾಯುತ್ತದೆ. ಹಾಗಾಗಿ ಆನ್‌ಲೋಡ್‌ನಲ್ಲಿ ಏನಾದರೂ ಬರೆಯುವ ಟೆಸ್ಟುಗಳಲ್ಲಿ ಸಾಲುಗಳ ಕ್ರಮ ಬದಲಾಗುತ್ತದೆ, ಬರಬೇಕಾದ ಔಟ್‌ಪುಟ್ ಬರೆದಿಟ್ಟ ಎಕ್ಸ್‌ಪೆಕ್ಟೆಡ್ ಫೈಲಿಗೆ ಹೊಂದುವುದಿಲ್ಲ. ಇದು ತಪ್ಪಲ್ಲ, ಆದರೆ ಪ್ರತಿಯೊಂದನ್ನೂ ಕಣ್ಣಿಟ್ಟು ನೋಡಬೇಕಾದ ಬದಲಾವಣೆ. ಜಾಗ ಬದಲಿಸುವ ಕಮಿಟಿನಲ್ಲಿ ಎಕ್ಸ್‌ಪೆಕ್ಟೆಡ್ ಫೈಲುಗಳು ಹೆಚ್ಚೂಕಡಿಮೆ ಬದಲಾಗಬಾರದು. ಮುನ್ನೂರು ಟೆಸ್ಟ್ ಕೆಂಪಾದಾಗ ರೀಸೆಟ್-ರಿಸಲ್ಟ್ಸ್ ಆಯ್ಕೆ ಕೊಟ್ಟು ಎಲ್ಲವನ್ನೂ ಹೊಸದಾಗಿ ಬರೆಸಿಬಿಡುವ ಆಸೆ ಆಗುತ್ತದೆ. ಬೇಡ. ಆ ಮುನ್ನೂರರಲ್ಲಿ ನಿಜವಾಗಿ ಮುರಿದದ್ದು ಮೂರಿದ್ದರೂ ಅವು ಇನ್ನು ಮುಂದೆ 'ಸರಿ' ಅಂತಲೇ ದಾಖಲಾಗುತ್ತವೆ.

'ಹೆಚ್ಚೂಕಡಿಮೆ' ಅಂದದ್ದು ಯಾಕೆ ಅಂದರೆ, ಕೆಲವು ಎಕ್ಸ್‌ಪೆಕ್ಟೆಡ್ ಫೈಲುಗಳಲ್ಲಿ ಹೆಲ್ಪರಿನ ಪಾತೇ ಅಚ್ಚಾಗಿರುತ್ತದೆ. ಇನ್ಸ್‌ಪೆಕ್ಟರ್ ಟೆಸ್ಟುಗಳು ಲೋಡ್ ಆದ ಸ್ಕ್ರಿಪ್ಟುಗಳ ಪಟ್ಟಿ ಕೊಡುತ್ತವೆ. ರಿಸೋರ್ಸ್ ಲೋಡಿಂಗ್ ಟೆಸ್ಟುಗಳು ಪ್ರತಿ ಯುಆರ್‌ಎಲ್ ಬರೆಯುತ್ತವೆ. ಸ್ಟಾಕ್ ಟ್ರೇಸ್‌ನಲ್ಲೂ ಫೈಲಿನ ಹೆಸರು ಬರುತ್ತದೆ. ನಿಮ್ಮ ಕವಲು ಹಳೆಯದಾದರೆ ಕನ್ಸೋಲ್ ಸಂದೇಶದ ಜೊತೆಗೆ ಸಾಲಿನ ಸಂಖ್ಯೆಯೂ ಇರಬಹುದು. ಅದಕ್ಕೇ ಟೆಸ್ಟುಗಳಲ್ಲಿ ಪಾತ್ ಬದಲಿಸುವಾಗ ಇದ್ದ ಸಾಲಿನಲ್ಲೇ ಬದಲಿಸಿ. ಹೊಸ ಸಾಲು ಸೇರಿಸಬೇಡಿ, ಫಾರ್ಮ್ಯಾಟರ್ ಓಡಿಸಬೇಡಿ.

ಸರ್ವರಿನಿಂದ ಬರುವ ಟೆಸ್ಟುಗಳಿಗೆ ಪ್ರತ್ಯೇಕ ಗಮನ ಬೇಕು. ಅವುಗಳಿಗೆ ರೂಟ್ ಅಂದರೆ ಎಚ್‌ಟಿಟಿಪಿ ಒಳಗಿನ ಟೆಸ್ಟ್ಸ್ ಫೋಲ್ಡರ್. ಎಷ್ಟು ಡಾಟ್-ಡಾಟ್ ಹಾಕಿದರೂ ಅದರಿಂದ ಮೇಲೆ ಹೋಗಲಾಗದು. ಅಂದರೆ ಮೇಲಿನ ರಿಸೋರ್ಸಸ್‌ನಲ್ಲಿಟ್ಟ ಹೆಲ್ಪರ್ ಅವುಗಳಿಗೆ ಕಾಣುವುದೇ ಇಲ್ಲ. ನಿಮ್ಮಲ್ಲಿ ನಕಲುಗಳು ಹುಟ್ಟಿದ್ದಕ್ಕೆ ಅರ್ಧ ಕಾರಣ ಇದೇ ಇರಬೇಕು. ವೆಬ್‌ಕಿಟ್ ಇದಕ್ಕೆ ಅಪಾಚೆ ಸರ್ವರಿನ ಅಲಿಯಾಸ್ ಬಳಸಿತು. ಜೆಎಸ್-ಟೆಸ್ಟ್-ರಿಸೋರ್ಸಸ್ ಅನ್ನುವ ಹೆಸರಿನಲ್ಲಿ ಕೇಳಿದರೆ ಸರ್ವರ್ ಮೇಲಿನ ಫೋಲ್ಡರಿನಿಂದ ಕೊಡುತ್ತದೆ. ಮೀಡಿಯಾ ಫೈಲುಗಳಿಗೂ ಅಂಥದ್ದೇ ಒಂದು ಅಲಿಯಾಸ್ ಇದೆ. ನೀವೂ ಹಾಗೇ ಮಾಡಿ. ಸಿಮ್‌ಲಿಂಕ್, ಅಂದರೆ ಬೇರೆ ಫೈಲಿನತ್ತ ಕೈತೋರುವ ಕೊಂಡಿ, ಇಡೋಣ ಅನ್ನಿಸಬಹುದು, ಆದರೆ ವಿಂಡೋಸ್‌ನಲ್ಲಿ ಗಿಟ್ ಸಿಮ್‌ಲಿಂಕನ್ನು ಎಷ್ಟೋ ಸಲ ಪಾತ್ ಬರೆದ ಸಾದಾ ಟೆಕ್ಸ್ಟ್ ಫೈಲಾಗಿ ಇಳಿಸುತ್ತದೆ. ಆ ಟೆಕ್ಸ್ಟನ್ನು ಜಾವಾಸ್ಕ್ರಿಪ್ಟ್ ಅಂತ ಓಡಿಸಿದರೆ ಬರುವ ಸಿಂಟ್ಯಾಕ್ಸ್ ಎರರ್ ನೋಡಿ ಯಾರಿಗೂ ಏನೂ ಅರ್ಥವಾಗುವುದಿಲ್ಲ.

ಫೋಲ್ಡರಿನೊಳಗೆ ಕಣ್ಣಿಗೆ ಬೀಳದ ಡಾಟ್-ಎಚ್‌ಟಿಆಕ್ಸೆಸ್ ಫೈಲ್ ಇದೆಯೇ ನೋಡಿ. ಅದರಲ್ಲಿ ಮೈಮ್ ಟೈಪು, ಕ್ಯಾಶ್ ಹೆಡರು, ಕ್ರಾಸ್-ಆರಿಜಿನ್ ಅನುಮತಿ ಬರೆದಿರುತ್ತದೆ. ಸ್ಕ್ರಿಪ್ಟ್ ಆ ಫೋಲ್ಡರಿನಿಂದ ಹೊರಬಂದರೆ ಹೆಡರುಗಳನ್ನು ಕಳೆದುಕೊಳ್ಳುತ್ತದೆ. ಹ್ಯಾಶ್ ಪಟ್ಟಿ ಇದನ್ನು ಹಿಡಿಯುವುದಿಲ್ಲ, ನೆನಪಿರಲಿ. ಡಬ್ಲ್ಯೂಪಿಟಿಯಲ್ಲಿ ಇದೇ ಕೆಲಸವನ್ನು ಫೈಲಿನ ಹೆಸರಿಗೆ ಡಾಟ್-ಹೆಡರ್ಸ್ ಸೇರಿಸಿದ ಜೊತೆಗಾರ ಫೈಲು ಮಾಡುತ್ತದೆ. ಎರಡನ್ನೂ ಒಟ್ಟಿಗೆ ಒಯ್ಯಬೇಕು. ಸರ್ವರಿನಲ್ಲಿ ಓಡುವ ಸಿಜಿಐ ಸ್ಕ್ರಿಪ್ಟುಗಳಿಗೆ ಎಕ್ಸಿಕ್ಯೂಟಬಲ್ ಬಿಟ್ ಇರಬೇಕು. ವಿಂಡೋಸ್ ಮೆಷಿನ್‌ನಿಂದ ಹೊಸ ಫೈಲಾಗಿ ಸೇರಿಸಿದರೆ ಅದು ಹಾರಿಹೋಗುತ್ತದೆ.

ಹೆಸರುಗಳಿಗೂ ಅರ್ಥ ಇದೆ. ವೆಬ್‌ಕಿಟ್‌ನ ಟೆಸ್ಟ್ ರನ್ನರ್ ರಿಸೋರ್ಸಸ್ ಮತ್ತು ಸ್ಕ್ರಿಪ್ಟ್-ಟೆಸ್ಟ್ಸ್ ಅನ್ನುವ ಫೋಲ್ಡರುಗಳ ಒಳಗೆ ಟೆಸ್ಟ್ ಹುಡುಕುವುದಿಲ್ಲ. ಡಬ್ಲ್ಯೂಪಿಟಿಯಲ್ಲಿ ರಿಸೋರ್ಸಸ್, ಸಪೋರ್ಟ್, ಟೂಲ್ಸ್. ನೀವು 'ಶೇರ್ಡ್' ಅಂತ ಚೆಂದದ ಹೆಸರಿಟ್ಟರೆ ಅದರೊಳಗಿನ ಐಫ್ರೇಮ್ ಪುಟಗಳೆಲ್ಲ ಮಾರನೇ ದಿನ ಟೆಸ್ಟುಗಳಾಗಿ ಓಡಲು ಶುರು. ಡಬ್ಲ್ಯೂಪಿಟಿಯಲ್ಲಿ ಫೈಲಿನ ಹೆಸರಿನ ನಡುವೆ ಡಾಟ್-ಸಬ್ ಇದ್ದರೆ ಸರ್ವರ್ ಅದರೊಳಗಿನ ಹೋಸ್ಟ್, ಪೋರ್ಟ್ ಜಾಗಗಳನ್ನು ತುಂಬಿಕೊಡುತ್ತದೆ. ಅದನ್ನು 'ಅಂದವಾಗಿಲ್ಲ' ಅಂತ ತೆಗೆದರೆ ಟೆಸ್ಟ್ ಹೋಯಿತು. ಫೈರ್‌ಫಾಕ್ಸ್‌ನ ಎಂಜಿನ್ ಗೆಕೋದವರಿಗೆ ಇನ್ನೊಂದು ಕಟ್ಟುಪಾಡು: ಮೊಚಿಟೆಸ್ಟ್ ಅನ್ನುವ ಅವರ ಟೆಸ್ಟುಗಳ ಮ್ಯಾನಿಫೆಸ್ಟ್ ಫೈಲಿನಲ್ಲಿ ಸಪೋರ್ಟ್-ಫೈಲ್ಸ್ ಅಂತ ಬರೆಯದಿದ್ದರೆ ಹೆಲ್ಪರ್ ಟೆಸ್ಟ್ ಓಡುವ ಜಾಗಕ್ಕೆ ಬರುವುದೇ ಇಲ್ಲ. ನನಗೆ ಕೇಳಿದರೆ ಅದೇ ಒಳ್ಳೆಯ ಪದ್ಧತಿ. ಯಾವ ಟೆಸ್ಟಿಗೆ ಏನು ಬೇಕು ಅನ್ನುವುದು ಬರಹದಲ್ಲೇ ಇರುತ್ತದೆ.

ಅಂದ ಹಾಗೆ, ಡಬ್ಲ್ಯೂಪಿಟಿಯಿಂದ ತಂದಿಟ್ಟ ಫೋಲ್ಡರನ್ನು ಮುಟ್ಟಲೇಬೇಡಿ. ಮುಂದಿನ ಇಂಪೋರ್ಟಿನಲ್ಲಿ ನಿಮ್ಮ ಕೆಲಸ ಅಳಿಸಿಹೋಗುತ್ತದೆ. ಎಂಜಿನ್‌ಗೆ ತಕ್ಕಂತೆ ಬದಲಿಸಿಕೊಳ್ಳಲು ಅಂತಲೇ ಅವರು ಟೆಸ್ಟ್‌ಹಾರ್ನೆಸ್‌ರಿಪೋರ್ಟ್ ಫೈಲನ್ನು ಬಿಟ್ಟುಕೊಟ್ಟಿದ್ದಾರೆ. ಅಲ್ಲಿಗೆ ನಿಲ್ಲಿಸಿ.

ಇನ್ನು 'ಎಲ್ಲವನ್ನೂ ಒಂದೇ ಫೋಲ್ಡರಿಗೆ' ಅನ್ನುವ ನಿಮ್ಮ ಯೋಜನೆ. ಇದಕ್ಕೆ ನನ್ನ ಒಪ್ಪಿಗೆ ಅರ್ಧ ಮಾತ್ರ. ಬೇರೆ ಬೇರೆ ತಂಡಗಳ ಟೆಸ್ಟುಗಳು ಬಳಸುವ ಹೆಲ್ಪರ್ ಮೇಲಕ್ಕೆ ಹೋಗಲಿ. ಒಂದೇ ವಿಭಾಗದವರು, ಉದಾಹರಣೆಗೆ ಇಂಡೆಕ್ಸ್‌ಡ್‌ಡಿಬಿಯವರು ಮಾತ್ರ ಬಳಸುವುದು ಅವರ ಫೋಲ್ಡರಿನಲ್ಲೇ ಇರಲಿ. ಅದನ್ನು ಬದಲಿಸುವವರೂ ಅವರೇ, ಮುರಿದರೆ ನೋಡುವವರೂ ಅವರೇ. ಮೇಲಿನ ಫೋಲ್ಡರಿಗೆ ಬಂದ ಹೆಲ್ಪರಿಗೆ ಯಜಮಾನರು ಇರುವುದಿಲ್ಲ. ಇನ್ನು 'ಯುಟಿಲ್ಸ್' ಅನ್ನುವ ಹೆಸರಿನ ಫೈಲು ಕೀಲಿ ಇಲ್ಲದ ಅಟ್ಟದ ಹಾಗೆ. ಎಲ್ಲರೂ ತಂದು ಹಾಕುತ್ತಾರೆ, ಯಾರೂ ಇಳಿಸುವುದಿಲ್ಲ.

ಹೆಲ್ಪರುಗಳನ್ನು ಸೇರಿಸಿ ಒಂದೇ ದೊಡ್ಡ ಫೈಲು ಮಾಡುವುದಂತೂ ಬೇಡ. ಟೆಸ್ಟುಗಳೆಲ್ಲ ಗ್ಲೋಬಲ್ ಹೆಸರುಗಳ ಮೇಲೆ ನಿಂತಿರುತ್ತವೆ. ಹೆಲ್ಪರಿನಲ್ಲಿ ಕಾನ್ಸ್ಟ್ ಬಳಸಿ ಲಾಗ್ ಅನ್ನುವ ಹೆಸರಿದ್ದು, ಟೆಸ್ಟಿನಲ್ಲಿ ಲೆಟ್ ಬಳಸಿ ಅದೇ ಹೆಸರಿದ್ದರೆ ಸಿಂಟ್ಯಾಕ್ಸ್ ಎರರ್ ಬಂದು ಟೆಸ್ಟಿನ ಆ ಸ್ಕ್ರಿಪ್ಟ್ ಪೂರ್ತಿ ಓಡುವುದೇ ಇಲ್ಲ. ಅದೇ ಫಂಕ್ಷನ್ ಮತ್ತು ವಾರ್ ಆದರೆ ಒಂದು ಇನ್ನೊಂದನ್ನು ತುಳಿದು ಸುಮ್ಮನಾಗುತ್ತದೆ. ಇದು ಇನ್ನೂ ಅಪಾಯ. ಜೆಎಸ್-ಟೆಸ್ಟ್ ಹೆಲ್ಪರ್ ಪುಟದೊಳಗೆ ಡಿಸ್ಕ್ರಿಪ್ಷನ್, ಕನ್ಸೋಲ್ ಅನ್ನುವ ಐಡಿಗಳ ಎಲಿಮೆಂಟುಗಳನ್ನು ತಾನೇ ಸೇರಿಸುತ್ತದೆ. ಅಂದರೆ ಹೆಲ್ಪರ್ ಸೇರಿದರೆ ಪುಟದ ರಚನೆಯೂ ಬದಲಾಗುತ್ತದೆ. ಬಾಡಿಯ ಮೊದಲ ಮಗು ಯಾವುದು ಅಂತ ನೋಡುವ ಟೆಸ್ಟಿಗೆ ಇದು ದೊಡ್ಡ ವ್ಯತ್ಯಾಸ. ಇದೇ ಕಾರಣಕ್ಕೆ, ಜಾಗ ಬದಲಿಸುವ ಭರದಲ್ಲಿ ಹೆಲ್ಪರುಗಳನ್ನು ಮಾಡ್ಯೂಲುಗಳಾಗಿ ಮಾಡಲು ಹೋಗಬೇಡಿ. ಮಾಡ್ಯೂಲ್ ತಡವಾಗಿ ಓಡುತ್ತದೆ, ಸ್ಟ್ರಿಕ್ಟ್ ಮೋಡಿನಲ್ಲಿ ಓಡುತ್ತದೆ, ಗ್ಲೋಬಲ್ ಹೆಸರು ಕೊಡುವುದಿಲ್ಲ. ಅದು ಬೇರೆಯದೇ ಕೆಲಸ.

ಕೆಲಸದ ಕ್ರಮ ಹೀಗಿರಲಿ. ಮೊದಲು ಹೆಲ್ಪರನ್ನು ಗಿಟ್‌ನಲ್ಲಿ ಹೊಸ ಜಾಗಕ್ಕೆ ಸರಿಸಿ, ಅದೇ ಕಮಿಟಿನಲ್ಲಿ ಹಳೆಯ ಜಾಗದಲ್ಲಿ ತದ್ರೂಪು ನಕಲೊಂದನ್ನು ಬಿಡಿ. ಈಗ ಎರಡೂ ಕಡೆ ಫೈಲಿದೆ, ಯಾವ ಟೆಸ್ಟೂ ಮುರಿದಿಲ್ಲ. ಹಳೆಯ ಜಾಗದಲ್ಲಿ ನಕಲಿನ ಬದಲು, ಹೊಸದನ್ನು ಕರೆಯುವ ಎರಡು ಸಾಲಿನ ಸ್ಟಬ್ ಇಡೋಣ ಅಂತ ಯಾರಾದರೂ ಹೇಳುತ್ತಾರೆ. ಅದು ಎಚ್‌ಟಿಎಂಎಲ್ ಪುಟದಲ್ಲಿ ಡಾಕ್ಯುಮೆಂಟ್ ರೈಟ್ ಬಳಸಿ ನಡೆಯುತ್ತದೆ. ಆದರೆ ಎಕ್ಸ್‌ಎಚ್‌ಟಿಎಂಎಲ್ ಪುಟದಲ್ಲಿ ಡಾಕ್ಯುಮೆಂಟ್ ರೈಟ್ ಎಕ್ಸೆಪ್ಷನ್ ಎಸೆಯುತ್ತದೆ, ವರ್ಕರಿನಲ್ಲಿ ಡಾಕ್ಯುಮೆಂಟೇ ಇಲ್ಲ. ನಕಲೇ ವಾಸಿ. ಎರಡೂ ಬೈಟಿಗೆ ಬೈಟು ಒಂದೇ ಇರಬೇಕು ಅಂತ ಸ್ಟೈಲ್ ಚೆಕರಿನಲ್ಲಿ ಒಂದು ನಿಯಮ ಹಾಕಿ.

ಅದೇ ಹೊತ್ತಿಗೆ ಇನ್ನೊಂದು ನಿಯಮ: ಹೊಸ ಟೆಸ್ಟ್ ಹಳೆಯ ಪಾತನ್ನು ಕರೆದರೆ ಪ್ಯಾಚ್ ಒಳಗೆ ಬರಬಾರದು. ಇದು ಮೊದಲೇ ಬರಬೇಕು. ಇಲ್ಲದಿದ್ದರೆ ನೀವು ಈ ಕಡೆ ಬದಲಿಸುತ್ತಿರುವಾಗ ಆ ಕಡೆಯಿಂದ ಹಳೆಯ ಪಾತಿನ ಟೆಸ್ಟುಗಳು ಬರುತ್ತಲೇ ಇರುತ್ತವೆ. ಡಬ್ಲ್ಯೂಪಿಟಿಯ ಲಿಂಟ್‌ನಲ್ಲಿ, ಅಂದರೆ ತಪ್ಪು ಹುಡುಕುವ ಸಾಧನದಲ್ಲಿ, ಟೆಸ್ಟ್‌ಹಾರ್ನೆಸ್ ಫೈಲಿನ ಪಾತ್ ತಪ್ಪಿದ್ದರೆ ಹಿಡಿಯುವ ಇಂಥದ್ದೇ ನಿಯಮ ಇದೆ.

ಆಮೇಲೆ ಫೋಲ್ಡರಿಗೊಂದು ಕಮಿಟಿನಂತೆ ಪಾತ್ ಬದಲಿಸಿ. ಕೈಯಿಂದ ಒಂದು ಫೈಲನ್ನೂ ಬದಲಿಸಬೇಡಿ, ಎಲ್ಲ ಸ್ಕ್ರಿಪ್ಟಿನಿಂದಲೇ ಆಗಲಿ. ರೀಬೇಸ್ ಮಾಡುವಾಗ ಕಾನ್‌ಫ್ಲಿಕ್ಟ್ ಬಂದರೆ ಬಿಡಿಸುತ್ತಾ ಕೂರಬೇಕಿಲ್ಲ. ನಿಮ್ಮ ಕಮಿಟ್ ಬಿಸಾಕಿ, ಹೊಸ ಕೋಡಿನ ಮೇಲೆ ಸ್ಕ್ರಿಪ್ಟನ್ನು ಇನ್ನೊಮ್ಮೆ ಓಡಿಸಿದರೆ ಆಯಿತು. ಆ ಸ್ಕ್ರಿಪ್ಟನ್ನು ಕಮಿಟ್ ಸಂದೇಶದಲ್ಲೇ ಹಾಕಿ. ರಿವ್ಯೂ ಮಾಡುವವರು ಎರಡು ಸಾವಿರ ಫೈಲು ಓದುವ ಬದಲು ಅದನ್ನೇ ಓದುತ್ತಾರೆ. ಅಕ್ಷರದ ಗಾತ್ರದ ಬಗ್ಗೆಯೂ ಎಚ್ಚರ. ಮ್ಯಾಕ್ ಮತ್ತು ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ದೊಡ್ಡಕ್ಷರ ಚಿಕ್ಕಕ್ಷರ ಎರಡೂ ಒಂದೇ, ಲಿನಕ್ಸ್‌ನಲ್ಲಿ ಬೇರೆ ಬೇರೆ.

ಹಿಸ್ಟರಿ ಉಳಿಯಬೇಕಾದರೆ ಸರಿಸುವ ಕಮಿಟಿನಲ್ಲಿ ಹೆಲ್ಪರಿನ ಒಳಗನ್ನು ತಿದ್ದಬೇಡಿ. ಗಿಟ್ ಸರಿಸಿದ್ದನ್ನು ಬರೆದಿಟ್ಟುಕೊಳ್ಳುವುದಿಲ್ಲ, ಹೋಲಿಕೆ ನೋಡಿ ಊಹಿಸುತ್ತದೆ. ಒಳಗು ಅರ್ಧಕ್ಕಿಂತ ಜಾಸ್ತಿ ಬದಲಾದರೆ ಆ ಊಹೆ ತಪ್ಪುತ್ತದೆ. ನಮ್ಮ ಯೋಜನೆಯಲ್ಲಿ ಹಳೆಯ ಜಾಗದಲ್ಲೂ ನಕಲು ಉಳಿದಿರುವುದರಿಂದ, ಅದು ಅಳಿಯುವ ತನಕ ಬ್ಲೇಮ್ (ಯಾವ ಸಾಲನ್ನು ಯಾರು ಬರೆದರು ಅಂತ ತೋರಿಸುವ ಗಿಟ್ ಆದೇಶ) ನೋಡುವಾಗ ನಕಲು ಹುಡುಕುವ ಆಯ್ಕೆಯನ್ನು, ಅಂದರೆ ದೊಡ್ಡ ಸಿ ಅಕ್ಷರವನ್ನು ಎರಡು ಸಲ ಕೊಡಬೇಕು. ಒಂದೇ ಸಲ ಕೊಟ್ಟರೆ ಅದೇ ಕಮಿಟಿನಲ್ಲಿ ಬದಲಾದ ಫೈಲುಗಳಲ್ಲಿ ಮಾತ್ರ ಹುಡುಕುತ್ತದೆ, ನಮ್ಮ ಹಳೆಯ ಫೈಲು ಬದಲಾಗಿಯೇ ಇರುವುದಿಲ್ಲ. ಟೆಸ್ಟುಗಳಲ್ಲಿ ಪಾತ್ ಬದಲಿಸಿದ ಕಮಿಟುಗಳನ್ನು ಬ್ಲೇಮ್‌ನಿಂದ ಮರೆಮಾಡಲು 2019ರಲ್ಲಿ ಬಂದ ಗಿಟ್ 2.23ರಿಂದ ಸೌಕರ್ಯ ಇದೆ. ಕಡೆಗಣಿಸಬೇಕಾದ ಕಮಿಟುಗಳ ಪಟ್ಟಿಯನ್ನು ಒಂದು ಫೈಲಿನಲ್ಲಿಟ್ಟರೆ ಸಾಕು.

ಹಳೆಯ ನಕಲನ್ನು ಅಳಿಸಲು ಅವಸರ ಬೇಡ. ಬಿಡುಗಡೆಯ ಬ್ರಾಂಚುಗಳು ಬದುಕಿರುತ್ತವಲ್ಲ, ಅವುಗಳಿಗೆ ಭದ್ರತೆಯ ಪ್ಯಾಚುಗಳನ್ನು ಟೆಸ್ಟಿನ ಸಮೇತ ಒಯ್ಯುತ್ತಾರೆ. ಮುಖ್ಯ ಬ್ರಾಂಚಿನಲ್ಲಿ ಬರೆದ ಟೆಸ್ಟು ಹೊಸ ಪಾತನ್ನು ಕರೆಯುತ್ತದೆ, ಹಳೆಯ ಬ್ರಾಂಚಿನಲ್ಲಿ ಆ ಫೈಲೇ ಇಲ್ಲ. ಅಂಥ ಟೆಸ್ಟು ಹೆಚ್ಚಾಗಿ ಕ್ರ್ಯಾಶ್ ಟೆಸ್ಟೇ ಆಗಿರುತ್ತದೆ. ಅಂದರೆ ಮತ್ತೆ ಸುಳ್ಳು ಹಸಿರು. ಬದುಕಿರುವ ಪ್ರತಿ ಬ್ರಾಂಚಿಗೂ ಹೊಸ ಜಾಗದ ಫೈಲನ್ನು ಮತ್ತು ಸರ್ವರಿನ ಅಲಿಯಾಸನ್ನು ಮೊದಲೇ ಸೇರಿಸಿಬಿಡಿ. ನಿಮ್ಮ ಎಂಜಿನ್ ಬಳಸಿ ತಮ್ಮದೇ ಟೆಸ್ಟುಗಳನ್ನು ಖಾಸಗಿಯಾಗಿ ಇಟ್ಟುಕೊಂಡವರಿದ್ದರೆ ಅವರಿಗೂ ಅಳಿಸುವ ದಿನ ತಿಳಿಸಿ.

ಪರ್ಲ್ ಸ್ಕ್ರಿಪ್ಟುಗಳ ಪ್ರಶ್ನೆಗೆ ಬಂದರೆ, ಇದೇ ಸಲ ಬೇಡ. ರನ್ನರ್ ಮತ್ತು ಹೆಲ್ಪರ್ ಎರಡೂ ಒಟ್ಟಿಗೆ ಬದಲಾದರೆ, ಒಂದು ಟೆಸ್ಟು ಕೆಂಪಾದಾಗ ಯಾವುದರಿಂದ ಅಂತ ಹೇಳಲಾಗದು. ಮೇಲೆ ಹೇಳಿದ ಹೋಲಿಕೆಗಳೆಲ್ಲ ರನ್ನರ್ ಬದಲಾಗಿಲ್ಲ ಅನ್ನುವ ನಂಬಿಕೆಯ ಮೇಲೆ ನಿಂತಿವೆ. ವೆಬ್‌ಕಿಟ್ ತನ್ನ ಪರ್ಲ್ ರನ್ನರನ್ನು ಪೈಥಾನ್‌ಗೆ ಒಯ್ದಾಗ ಹಳೆಯದನ್ನು 'ಓಲ್ಡ್' ಅನ್ನುವ ಮುನ್ನೊಟ್ಟಿನ ಜೊತೆ ಪಕ್ಕದಲ್ಲೇ ಉಳಿಸಿಕೊಂಡಿತ್ತು. ರನ್-ವೆಬ್‌ಕಿಟ್-ಟೆಸ್ಟ್ಸ್ ಅನ್ನುವ ಹೆಸರು ಈಗಲೂ ಇದೆ, ಆದರೆ ಅದು ತೆಳುವಾದ ಬಾಗಿಲು ಮಾತ್ರ. ನಿಜವಾದ ಕೋಡು ವೆಬ್‌ಕಿಟ್‌ಪೈ ಅನ್ನುವ ಪೈಥಾನ್ ಲೈಬ್ರರಿಯಲ್ಲಿದೆ. ನೀವೂ ಹೊರಗಿನ ಹೆಸರನ್ನು ಬದಲಿಸದೆ ಒಳಗನ್ನು ಬದಲಿಸಿ. ಟೆಸ್ಟುಗಳನ್ನು ತಾವಾಗಿ ಓಡಿಸುವ ಬಾಟ್‌ಗಳ ಕಾನ್ಫಿಗ್‌ನಲ್ಲೂ ನಿಮ್ಮ ಸಹೋದ್ಯೋಗಿಗಳ ಶೆಲ್ ಅಲಿಯಾಸ್‌ಗಳಲ್ಲೂ ಆ ಹೆಸರು ಕೂತುಬಿಟ್ಟಿರುತ್ತದೆ. ಹೆಲ್ಪರುಗಳ ಹಳೆಯ ನಕಲುಗಳೆಲ್ಲ ಅಳಿದು, ಬಾಟ್‌ಗಳು ಕೆಲವು ವಾರ ತಕರಾರಿಲ್ಲದೆ ಓಡಿದ ಮೇಲೆ ಅದನ್ನು ಶುರುಮಾಡಿ.